ಚೆಂಡು ಹೊರಗ ಹೋಗಿತ್ತು, ಗೋಲ್ ಹ್ಯಾಂಗ ಕೊಟ್ರು?

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರು ಕಳಿಸಿದ ಫುಟ್‌ಬಾಲ್ ಪ್ರಶ್ನೆಗಳಿಗೆ ರೆಫರಿಂಗ್ ಬಲ್ಲವರ ಉತ್ತರ ಇಲ್ಲಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ.

2024ರ ಜೂನ್‌ದಾಗ ಕತಾರ್ ಜೋಡಿ ಆಡಿದಾಗ ಚೆಂಡು ಗೆರಿ ದಾಟಿ ಹೊರಗ ಹೋಗಿದ್ದು ಫೋಟೋದಾಗ ಖರೇನೇ ಕಾಣಸ್ತದ. ಆದ್ರೂ ಗೋಲ್ ಕೊಟ್ರು. ಇಲ್ಲಿ ಸೂಪರ್ ಮಾರ್ಕೆಟ್ ಕಡಿ ಚಹಾದಂಗಡಿ ಮುಂದ ಇವತ್ತಿಗೂ ಅದೇ ಜಗಳ ನಡದದ. ಮ್ಯಾಚ್ ಮತ್ತೊಮ್ಮೆ ಆಡಸ್ಲಿಕ್ಕಿ ಬರ್ತಿರ್ಲಿಲ್ಲೇನ್ರಿ? (ಕಲಬುರಗಿ)

ಬರುತ್ತಿರಲಿಲ್ಲ. ಅದಕ್ಕೆ ಕಾರಣ ಕತಾರ್‌ನ ಪ್ರಭಾವವಲ್ಲ, ಆಟದ 5ನೇ ನಿಯಮ. ಗೋಲ್ ಆಯಿತೋ ಇಲ್ಲವೋ ಎಂಬುದೂ ಸೇರಿ, ಮೈದಾನದಲ್ಲಿ ನಡೆದ ಸಂಗತಿಯ ಬಗ್ಗೆ ರೆಫರಿ ಕೊಟ್ಟ ತೀರ್ಪೇ ಕೊನೆ ಎಂದು ಅದು ಹೇಳುತ್ತದೆ. ಆಟ ಮತ್ತೆ ಶುರುವಾಯಿತೆಂದರೆ ರೆಫರಿಗೂ ತನ್ನ ತೀರ್ಪು ಬದಲಿಸಲು ಬರುವುದಿಲ್ಲ.

ಅಂದು ದೋಹಾದ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಛಾಂಗ್ಟೆ ಹೊಡೆದ ಗೋಲಿನಿಂದ ಭಾರತ 1–0 ಮುಂದಿತ್ತು. 73ನೇ ನಿಮಿಷದಲ್ಲಿ ನಮ್ಮ ಗೋಲ್‌ಕೀಪರ್ ಗುರುಪ್ರೀತ್ ತಡೆದ ಚೆಂಡು ಗೋಲ್ ಗೆರೆ ದಾಟಿ ಹೊರಗೆ ಉರುಳಿತು. ಕತಾರ್ ಆಟಗಾರನೊಬ್ಬ ಅದನ್ನು ಕಾಲಿನಿಂದ ಒಳಗೆಳೆದ, ಯೂಸುಫ್ ಐಮನ್ ಬಲೆಗೆ ಹೊಡೆದ. ಅದು ಕಾರ್ನರ್ ಆಗಬೇಕಿತ್ತು, ಇದರಲ್ಲಿ ಎರಡು ಮಾತಿಲ್ಲ. ಕೊನೆಗೆ ಭಾರತ 1–2 ಸೋತಿತು. ಆ ಪಂದ್ಯಕ್ಕೆ ವಿಎಆರ್ (ವಿಡಿಯೊ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ) ಇರಲಿಲ್ಲ. ಇದ್ದಿದ್ದರೆ ಗೋಲ್ ರದ್ದಾಗುತ್ತಿತ್ತು.

ಆದರೆ ರೆಫರಿಯ ಕಣ್ಣು ತಪ್ಪುವುದು ಬೇರೆ, ನಿಯಮ ತಪ್ಪುವುದು ಬೇರೆ. ಪಂದ್ಯ ಮರು ಆಡಿಸಿದ ಉದಾಹರಣೆಗಳಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. 2005ರ ಸೆಪ್ಟೆಂಬರ್‌ನಲ್ಲಿ ಉಜ್ಬೆಕಿಸ್ತಾನ–ಬಹರೇನ್ ವಿಶ್ವಕಪ್ ಅರ್ಹತಾ ಪಂದ್ಯ ನಡೆದಿತ್ತು. ಉಜ್ಬೆಕಿಸ್ತಾನದ ಪೆನಾಲ್ಟಿ ಗೋಲ್ ಆಯಿತು, ಆದರೆ ಅದೇ ತಂಡದವನೊಬ್ಬ ಮೊದಲೇ ಪೆನಾಲ್ಟಿ ಪ್ರದೇಶದೊಳಗೆ ನುಗ್ಗಿದ್ದ. ಆಗಿನ ನಿಯಮದಂತೆ ಅಂಥಲ್ಲಿ ಪೆನಾಲ್ಟಿಯನ್ನು ಮತ್ತೆ ಹೊಡೆಸಬೇಕಿತ್ತು. ರೆಫರಿ ಬಹರೇನ್‌ಗೆ ಫ್ರೀ ಕಿಕ್ ಕೊಟ್ಟುಬಿಟ್ಟರು. ನಡೆದದ್ದನ್ನು ಸರಿಯಾಗಿ ಕಂಡೂ ತಪ್ಪು ನಿಯಮ ಹಚ್ಚಿದ್ದರಿಂದ ಫಿಫಾ ಆ ಪಂದ್ಯವನ್ನು ರದ್ದು ಮಾಡಿತು. ತಮಾಷೆ ಎಂದರೆ ದೂರು ಕೊಟ್ಟವರೇ ಉಜ್ಬೆಕಿಸ್ತಾನದವರು. 1–0 ಗೆದ್ದಿದ್ದರೂ 3–0 ಕೊಡಿ ಎಂದು ಹೋದರು. ಮರುಪಂದ್ಯ 1–1 ಆಯಿತು, ಬಹರೇನ್‌ನಲ್ಲಿ 0–0. ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಬಹರೇನ್ ಮುಂದೆ ಹೋಯಿತು. ಉಜ್ಬೆಕಿಸ್ತಾನಕ್ಕೆ ಇದ್ದ ಗೆಲುವೂ ಕೈಬಿಟ್ಟಿತು.

ಮರುಪಂದ್ಯಕ್ಕಿರುವ ಇನ್ನೊಂದು ದಾರಿ ಮೋಸದಾಟ. 2016ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ–ಸೆನೆಗಲ್ ಪಂದ್ಯದಲ್ಲಿ ಚೆಂಡು ಮೊಣಕಾಲಿಗೆ ತಾಗಿದ್ದಕ್ಕೆ ಹ್ಯಾಂಡ್‌ಬಾಲ್ ಎಂದು ಪೆನಾಲ್ಟಿ ಕೊಟ್ಟಿದ್ದರು. ಫಿಫಾ ಆ ರೆಫರಿಯನ್ನು ಆಜೀವ ನಿಷೇಧಿಸಿ, ಮರುವರ್ಷ ಪಂದ್ಯವನ್ನು ಮತ್ತೆ ಆಡಿಸಿತು. ಸೆನೆಗಲ್ 2–0 ಗೆದ್ದು ವಿಶ್ವಕಪ್‌ಗೆ ಹೋಯಿತು. ದೋಹಾದ ತಪ್ಪು ಈ ಎರಡೂ ಬಗೆಗೆ ಸೇರಲಿಲ್ಲ. ಭಾರತದ ಫುಟ್‌ಬಾಲ್ ಫೆಡರೇಷನ್ ದೂರು ಕೊಟ್ಟರೂ ಫಲಿತಾಂಶ ಕದಲಲಿಲ್ಲ.

ಈಗ ಅಂಗಡಿ ಮುಂದಿನ ಜಗಳದ ಇನ್ನೊಂದು ಮುಖ. ಅರ್ಹತಾ ಗುಂಪಿನ ಮೊದಲ ಎರಡು ತಂಡಗಳಷ್ಟೇ ಮುಂದಿನ ಸುತ್ತಿಗೆ ಹೋಗುತ್ತಿದ್ದವು. ಗುಂಪಿನ ಕೊನೆಯಲ್ಲಿ ಕತಾರ್ 16, ಕುವೈತ್ 7, ಭಾರತ 5, ಅಫ್ಗಾನಿಸ್ತಾನ 5 ಅಂಕ. ಅಂದೇ ಕುವೈತ್ ಅಫ್ಗಾನಿಸ್ತಾನವನ್ನು 1–0 ಸೋಲಿಸಿದ್ದರಿಂದ ದೋಹಾದಲ್ಲಿ ಡ್ರಾ ಆಗಿದ್ದರೂ ನಾವು 6ಕ್ಕೆ ನಿಲ್ಲುತ್ತಿದ್ದೆವು, ಗೆಲ್ಲಲೇಬೇಕಿತ್ತು. ಆದರೆ ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಗಾನಿಸ್ತಾನದ ಮೇಲೆ 1–0 ಮುಂದಿದ್ದು 1–2 ಸೋತೆವಲ್ಲ, ಅದನ್ನು ಗೆದ್ದಿದ್ದರೆ ದೋಹಾದಲ್ಲಿ ಸೋತರೂ 8 ಅಂಕ. ಜೂನ್ 6ರಂದು ಕೋಲ್ಕತ್ತದಲ್ಲಿ, ಛೆಟ್ರಿಯ ಬೀಳ್ಕೊಡುಗೆಯ ದಿನ, ಕುವೈತ್ ಜೊತೆ 0–0 ಆದದ್ದನ್ನು ಗೆದ್ದಿದ್ದರೆ ನಮಗೆ 7, ಕುವೈತ್‌ಗೆ 6. ಎರಡರಲ್ಲಿ ಒಂದು ಸಾಕಿತ್ತು. ರೆಫರಿ ಕತಾರ್‌ಗೆ ಒಂದು ತಪ್ಪು ಗೋಲ್ ಕೊಟ್ಟರು, ನಿಜ. ಮನೆಯಂಗಳದ ಎರಡು ಪಂದ್ಯಗಳನ್ನು ನಾವೇ ಬಿಟ್ಟುಕೊಟ್ಟೆವು. ಅದೇ ಜನವರಿಯ ಏಷ್ಯನ್ ಕಪ್‌ನಲ್ಲಿ ವಿಎಆರ್ ಇತ್ತು. ಅಲ್ಲಿ ಆಸ್ಟ್ರೇಲಿಯಾ, ಉಜ್ಬೆಕಿಸ್ತಾನ, ಸಿರಿಯಾ ಮೂವರ ಕೈಯಲ್ಲೂ ಸೋತು ಒಂದೂ ಗೋಲ್ ಹೊಡೆಯಲಿಲ್ಲ ಎಂಬುದನ್ನೂ ಆ ಜಗಳಕ್ಕೆ ಸೇರಿಸಿಕೊಳ್ಳಿ.

2022ರಾಗ ಜಪಾನ್–ಸ್ಪೇನ್ ಮ್ಯಾಚ್‌ದಾಗ ಚೆಂಡಿಗೂ ಗೆರಿಗೂ ನಡು ಹುಲ್ಲು ಕಾಣಿಸ್ತಿತ್ತು. ಅದಕ್ಕ ಗೋಲ್ ಕೊಟ್ರು, ನಮಗ ಮಾತ್ರ ಅನ್ಯಾಯ. ಹಿಂಗ್ಯಾಕ? (ಬೀದರ್)

ಮನೆಯಲ್ಲೇ ಪರೀಕ್ಷಿಸಿ. ನೆಲದ ಮೇಲೆ 12 ಸೆಂ.ಮೀ. ಅಗಲದ ಪಟ್ಟಿ ಎಳೆಯಿರಿ, ಗೆರೆಯ ಗರಿಷ್ಠ ಅಗಲ ಅಷ್ಟೇ. ಚೆಂಡು ನೆಲಕ್ಕೆ ತಾಗುವ ಚುಕ್ಕೆ ಪಟ್ಟಿಯ ಹೊರ ಅಂಚಿನಿಂದ 10 ಸೆಂ.ಮೀ. ಆಚೆ ಬರುವಂತೆ ಚೆಂಡನ್ನು ಇಡಿ. ಕೂತು ಓರೆಯಾಗಿ ನೋಡಿದರೆ ನಡುವೆ ನೆಲ ಕಾಣುತ್ತದೆ, ಚೆಂಡು ಹೊರಗೆ ಅನ್ನಿಸುತ್ತದೆ. ಈಗ ಪಟ್ಟಿಯ ನೆತ್ತಿಗೆ ಬಂದು ಕೆಳಗೆ ನೋಡಿ. ಚೆಂಡಿನ ಸುತ್ತಳತೆ 68ರಿಂದ 70 ಸೆಂ.ಮೀ., ಅಂದರೆ ಅಡ್ಡಳತೆ ಸುಮಾರು 22. ನೆಲಕ್ಕೆ ತಾಗುವುದು ಅದರ ನಟ್ಟನಡುವಿನ ಒಂದು ಚುಕ್ಕೆ ಮಾತ್ರ, ಹೊಟ್ಟೆ ಎಲ್ಲ ಕಡೆಗೂ 11 ಸೆಂ.ಮೀ. ಚಾಚಿರುತ್ತದೆ. ಹಾಗಾಗಿ ಆ ಹೊಟ್ಟೆಯ 1 ಸೆಂ.ಮೀ. ಇನ್ನೂ ಗೆರೆಯ ಮೇಲೆಯೇ ಇದೆ. ನೆಲದ ಮೇಲಾಗಲಿ ಗಾಳಿಯಲ್ಲಾಗಲಿ ಚೆಂಡು ಪೂರ್ತಿ ಗೆರೆ ದಾಟಿದರೆ ಮಾತ್ರ ಹೊರಗೆ ಎನ್ನುವುದು 9ನೇ ನಿಯಮ.

ವಿಶ್ವಕಪ್‌ನ ಆ ಪಂದ್ಯದಲ್ಲಿ ಜಪಾನ್‌ನ ಮಿತೋಮಾ ಹಿಂದಕ್ಕೆ ತಳ್ಳಿದ ಚೆಂಡು ಹೀಗೆ ಕೂದಲೆಳೆಯಷ್ಟು ಒಳಗಿತ್ತು. ನೇರ ಮೇಲಿನಿಂದ ತೆಗೆದ ಚಿತ್ರ ಅದನ್ನೇ ತೋರಿಸಿತು. ತನಾಕಾ ಗೋಲ್ ಹೊಡೆದ, ಜಪಾನ್ 2–1 ಗೆದ್ದಿತು, ಅದೇ ಗುಂಪಿನಲ್ಲಿದ್ದ ಜರ್ಮನಿ ಮನೆಗೆ ಹೋಯಿತು. ದೋಹಾದ ಚೆಂಡು ಹಾಗಲ್ಲ, ಪೂರ್ತಿ ಆಚೆ ಹೋಗಿತ್ತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಕಾಲ್ಬೆರಳು ಮುಂದ ಇತ್ತಂತ ಗೋಲ್ ರದ್ದು ಮಾಡೂದು ಯಾವ ನ್ಯಾಯರಿ? ನಾವು ಮೊಬೈಲ್‌ದಾಗ ನಿಲ್ಲಿಸಿ ನೋಡಿದ್ರ ಆಟಗಾರ ಸರಿನೇ ಇದ್ದ. (ಶಹಾಪುರ)

ಯೂರೋ 2024ರ ಜರ್ಮನಿ–ಡೆನ್ಮಾರ್ಕ್ ಪಂದ್ಯ ನಿಮ್ಮ ಮನಸ್ಸಿನಲ್ಲಿರಬಹುದು. ಡೆನ್ಮಾರ್ಕ್‌ನ ಡೆಲೇನಿಯ ಬೂಟಿನ ತುದಿ ಎದುರು ತಂಡದ ಕೊನೆಯಿಂದ ಎರಡನೇ ಆಟಗಾರನಿಗಿಂತ ಮುಂದಿತ್ತೆಂದು, ಅಂದರೆ ಆಫ್‌ಸೈಡ್ ಎಂದು, ಅವನ ತಂಡದ ಆಂಡರ್ಸನ್‌ನ ಗೋಲ್ ಹೋಯಿತು. ಐದೇ ನಿಮಿಷದಲ್ಲಿ ಅದೇ ಆಂಡರ್ಸನ್‌ನ ಕೈಗೆ ಚೆಂಡು ತಾಗಿದ್ದಕ್ಕೆ ಜರ್ಮನಿಗೆ ಪೆನಾಲ್ಟಿ ಸಿಕ್ಕಿತು.

ಮೊಬೈಲ್ ನಿಲ್ಲಿಸಿ ನೋಡುವುದು ಯಾಕೆ ಕೆಲಸಕ್ಕೆ ಬಾರದು ಎಂಬುದಕ್ಕೆ ಲೆಕ್ಕ ಇದೆ. ಆಫ್‌ಸೈಡ್ ನೋಡುವುದು ಪಾಸ್ ಕೊಡುವವನ ಕಾಲು ಚೆಂಡಿಗೆ ಮೊದಲು ತಾಗಿದ ಕ್ಷಣಕ್ಕೆ. ಸೆಕೆಂಡಿಗೆ 25 ಚಿತ್ರ ಇರುವ ವಿಡಿಯೊದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ 0.04 ಸೆಕೆಂಡ್ ಅಂತರ. ಸೆಕೆಂಡಿಗೆ 8 ಮೀಟರ್ ಓಡುವ ಫಾರ್ವರ್ಡ್ ಅಷ್ಟರಲ್ಲಿ 32 ಸೆಂ.ಮೀ. ಮುಂದೆ ಹೋಗಿರುತ್ತಾನೆ. ಡಿಫೆಂಡರ್ ಅದೇ ವೇಗದಲ್ಲಿ ಎದುರಿಗೆ ಬರುತ್ತಿದ್ದರೆ ಅಂತರ ಇಮ್ಮಡಿ. ನೀವು ನಿಲ್ಲಿಸಿದ ಚಿತ್ರ ಒಂದು ಹೆಜ್ಜೆ ಹಿಂದಿನದೋ ಮುಂದಿನದೋ ಆಗಿದ್ದರೆ ತೀರ್ಪೇ ತಲೆಕೆಳಗು. ಚೆಂಡಿನೊಳಗಿನ ಸೆನ್ಸರ್ ಸೆಕೆಂಡಿಗೆ 500 ಸಲ ಅಳೆಯುತ್ತದೆ, ಅದೇ ಓಟಗಾರ ಎರಡು ಅಳತೆಗಳ ನಡುವೆ 1.6 ಸೆಂ.ಮೀ. ಸರಿಯುತ್ತಾನೆ. 2022ರ ವಿಶ್ವಕಪ್‌ನಲ್ಲಿ ಇದರ ಜೊತೆಗೆ ಛಾವಣಿಯ 12 ಕ್ಯಾಮೆರಾಗಳು ಪ್ರತಿ ಆಟಗಾರನ ದೇಹದ 29 ಬಿಂದುಗಳನ್ನು ಸೆಕೆಂಡಿಗೆ 50 ಸಲ ಹಿಡಿದವು.

ಕೈ ಲೆಕ್ಕಕ್ಕಿಲ್ಲ ಎಂಬುದನ್ನೂ ಮರೆಯಬೇಡಿ. ಕಂಕುಳಿನ ಕೆಳ ಅಂಚಿನ ಮಟ್ಟದಿಂದ ಕೆಳಗಿನ ತೋಳು ಆಫ್‌ಸೈಡ್ ಅಳತೆಗೆ ಸೇರದು. ಬೆರಳ ತುದಿಗೆ ಗೋಲ್ ರದ್ದು ಮಾಡುವುದು ಆಟದ ಮಜಾ ಕೆಡಿಸುತ್ತದೆ ಎಂದು ನಮಗೂ ಅನ್ನಿಸುತ್ತದೆ. ಆದರೆ ಅದು ನಿಯಮದ ಮೇಲಿನ ತಕರಾರು. ರೆಫರಿಯ ಮೇಲೆ ಹಾಕಬೇಡಿ.

ಆಂಡರ್ಸನ್ ಕೈಗೆ ಬೆರಳ ತುದಿಯಷ್ಟು ತಾಗಿದ್ರ ಪೆನಾಲ್ಟಿ, ಸ್ಪೇನಿನ ಕುಕುರೆಯಾ ಕೈಗೆ ಮುಸಿಯಾಲಾನ ಹೊಡೆತ ಬಡದ್ರ ಏನೂ ಇಲ್ಲ! ಒಂದೇ ಟೂರ್ನಿಯಾಗ ಎರಡು ನ್ಯಾಯ? (ಹುಮನಾಬಾದ್)

ಈ ಸಿಟ್ಟು ಸರಿಯಾದದ್ದೇ. ಚೆಂಡು ಕೈಗೆ ತಾಗಿದ್ದೆಲ್ಲ ತಪ್ಪಲ್ಲ. ಬೇಕೆಂದೇ ಮುಟ್ಟಿದ್ದರೆ ತಪ್ಪು. ಕೈ ಚಾಚಿ ದೇಹವನ್ನು ಅಸಹಜವಾಗಿ ದೊಡ್ಡದು ಮಾಡಿದ್ದಾಗ ತಾಗಿದರೂ ತಪ್ಪು. ತನ್ನ ಕೈಗೆ ತಾಗಿಯೇ ಗೋಲ್ ಆದರೆ ಅದು ಅರಿಯದೆ ತಾಗಿದ್ದರೂ ನಿಲ್ಲದು. ಇದರಲ್ಲಿ ಎರಡನೆಯದು ಅಳತೆಪಟ್ಟಿಗೆ ಸಿಗುವುದಿಲ್ಲ. ಆಟಗಾರನ ಆ ಚಲನೆಗೆ ಕೈ ಅಲ್ಲಿರುವುದು ಸಹಜವೇ ಎಂದು ರೆಫರಿಯೇ ತೂಗಬೇಕು.

ಕುಕುರೆಯಾ ಕೈಯನ್ನು ಹಿಂದಕ್ಕೆ ತರುತ್ತಿದ್ದ ಎಂದು ಮೈದಾನದ ರೆಫರಿ ಬಿಟ್ಟರು. ಗೋಲಿನತ್ತ ಹೊರಟಿದ್ದ ಹೊಡೆತವನ್ನು ಮೈಯಿಂದ ದೂರವಿದ್ದ ಕೈ ತಡೆದಿದ್ದರಿಂದ ಅದು ಪೆನಾಲ್ಟಿಯೇ ಎಂಬುದು ನಮ್ಮ ಅಭಿಪ್ರಾಯ. ಯುರೋಪಿನ ಫುಟ್‌ಬಾಲ್ ಒಕ್ಕೂಟದ ರೆಫರಿ ವಿಭಾಗವೂ ಆಮೇಲೆ ಹಾಗೇ ಹೇಳಿತು. ಹಾಗಾದರೆ ವಿಎಆರ್ ಏನು ಮಾಡುತ್ತಿತ್ತು? ವಿಡಿಯೊ ಕೋಣೆಯಲ್ಲಿ ಕೂತವರು 'ನಾನಾಗಿದ್ದರೆ ಏನು ಕೊಡುತ್ತಿದ್ದೆ' ಎಂದು ಕೇಳಿಕೊಳ್ಳುವಂತಿಲ್ಲ. 'ಕೊಟ್ಟ ತೀರ್ಪು ಎದ್ದು ಕಾಣುವಷ್ಟು ತಪ್ಪೇ' ಎಂದಷ್ಟೇ ಕೇಳಬೇಕು. ಅರ್ಧ ಮಂದಿ ಹೌದು, ಅರ್ಧ ಮಂದಿ ಅಲ್ಲ ಎನ್ನುವಂಥದ್ದು ಅಲ್ಲೇ ಸಿಕ್ಕಿಬೀಳುತ್ತದೆ. ಆಂಡರ್ಸನ್ ವಿಷಯದಲ್ಲಿ ಸೆನ್ಸರ್ ಸಾಬೀತು ಮಾಡಿದ್ದು ಚೆಂಡು ತಾಗಿತು ಎಂಬುದನ್ನು ಮಾತ್ರ. ಅದು ತಪ್ಪೇ ಎಂದು ತೀರ್ಮಾನಿಸಿದ್ದು ಮನುಷ್ಯನೇ. ಈ ಎರಡು ಕೆಲಸವನ್ನು ಬೆರೆಸಿದಲ್ಲೇ ಟಿವಿ ಮುಂದಿನ ವಾದ ದಾರಿ ತಪ್ಪುವುದು.

2023ರ ಸ್ಯಾಫ್ ಕಪ್‌ದಾಗ ಬೆಂಗಳೂರಾಗ ಪಾಕಿಸ್ತಾನ ಮ್ಯಾಚ್. ಕೋಚ್ ಸ್ಟಿಮ್ಯಾಕ್ ಬರೇ ಚೆಂಡು ಕೈಯಿಂದ ಕೆಡವಿದ್ದಕ್ಕ ಕೆಂಪು ಕಾರ್ಡಾ? (ಆಳಂದ)

ಹೌದು, ಸರಿಯಾದ ಕಾರ್ಡ್. ಎದುರು ತಂಡ ಆಟ ಶುರು ಮಾಡುವುದನ್ನು ಆಟಗಾರ ತಡೆದರೆ ಹಳದಿ. ಅದೇ ಕೆಲಸವನ್ನು ಕೋಚ್ ಚೆಂಡು ಹಿಡಿದೋ ಒದ್ದೋ ಅಡ್ಡ ನಿಂತೋ ಮಾಡಿದರೆ ನೇರ ಕೆಂಪು ಎಂದು 12ನೇ ನಿಯಮದಲ್ಲೇ ಇದೆ. ಥ್ರೋ ನಮಗೆ ಬರಬೇಕಿತ್ತೋ ಇಲ್ಲವೋ ಎಂಬುದು ಇಲ್ಲಿ ಲೆಕ್ಕಕ್ಕೆ ಬರದು. ಆ ಪಂದ್ಯ 4–0 ಗೆದ್ದದ್ದರಿಂದ ಮಂದಿ ಬೇಗ ಮರೆತರು. ಅದೇ ಟೂರ್ನಿಯ ಕುವೈತ್ ಪಂದ್ಯದಲ್ಲಿ ಅವರು ಮತ್ತೆ ಕೆಂಪು ಕಾರ್ಡ್ ಪಡೆದು ಹೊರನಡೆದರು.

ನಾವು ಪ್ರತಿವರ್ಷ ಟೂರ್ನಮೆಂಟ್ ಇಡ್ತೀವಿ. ಮೂರು ಮಂದಿ ರೆಫರಿ, ಕ್ಯಾಮೆರಾ ಇಲ್ಲ. ಒಂದರೆ ಮ್ಯಾಚ್ ಗೋಲ್ ಗೆರಿ ಜಗಳದಾಗ ನಿಲ್ತದ. ಏನ್ ಮಾಡ್ಬೇಕ್ರಿ? (ಸೇಡಂ)

ಮೊದಲು ಗೆರೆ. ಗೋಲ್ ಕಂಬ ಎಷ್ಟು ದಪ್ಪವೋ ಗೋಲ್ ಗೆರೆ ಅಷ್ಟೇ ಅಗಲ ಇರಬೇಕು. ಕಂಬದ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಒಂದೊಂದು ಹಗ್ಗ ಬಿಗಿಯಾಗಿ ಕಟ್ಟಿ, ನಡುವೆ ಚಾಕ್ ಪುಡಿ ತುಂಬಿ. ಸುಟ್ಟ ಸುಣ್ಣ ಬೇಡ, ಬಿದ್ದವನ ಕಣ್ಣಿಗೂ ಗಾಯಕ್ಕೂ ಹೋದರೆ ಸುಡುತ್ತದೆ. ನಮ್ಮ ಎರೆನೆಲದಲ್ಲಿ ಅರ್ಧ ಆಟಕ್ಕೇ ಗೋಲ್ ಮುಂದಿನ ಗೆರೆ ಕಾಲಿಗೆ ಸಿಕ್ಕು ಮಾಯವಾಗುತ್ತದೆ. ಹಗ್ಗದ ಗೂಟದ ಗುರುತು ಉಳಿಸಿಕೊಂಡು ವಿರಾಮದಲ್ಲಿ ಮತ್ತೆ ಎಳೆಯಿರಿ. ಅಳಿಸದಿರಲಿ ಎಂದು ಸಣ್ಣ ಕಾಲುವೆ ತೋಡುವವರಿದ್ದಾರೆ. ಹಾಗೆ ಮಾಡಬೇಡಿ, ಕಾಲು ಮಡಚುತ್ತದೆ. ಗೆರೆ ಅಪಾಯ ತರಬಾರದೆಂದು ನಿಯಮವೇ ಇದೆ.

ಆಮೇಲೆ ಬಲೆ. ಪಂದ್ಯಕ್ಕೆ ಮೊದಲು ಸಹಾಯಕ ರೆಫರಿ ಕೈಯಾಡಿಸಿ ತೂತು ಹುಡುಕಲಿ. 2013ರ ಅಕ್ಟೋಬರ್‌ನಲ್ಲಿ ಜರ್ಮನಿಯ ಲೀಗ್‌ನಲ್ಲಿ ಕೀಸ್ಲಿಂಗ್ ಹೊಡೆದ ಹೆಡರ್ ಪಕ್ಕದ ಬಲೆಯ ತೂತಿನಿಂದ ಒಳಹೊಕ್ಕಿತ್ತು. ರೆಫರಿ ಗೋಲ್ ಕೊಟ್ಟರು. ಎದುರು ತಂಡ ಮರುಪಂದ್ಯ ಕೇಳಿದರೂ ಸಿಗಲಿಲ್ಲ. ಸುತಳಿ ದಾರದಿಂದ ಹೊಲಿದರೆ ಮುಗಿಯುವ ಕೆಲಸ.

ಇನ್ನು ನಿಲ್ಲುವ ಜಾಗ. ಗೋಲ್ ಗೆರೆಯ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ. ಸಹಾಯಕ ರೆಫರಿ ಕೊನೆಯಿಂದ ಎರಡನೇ ಡಿಫೆಂಡರ್‌ನ ಸಾಲಿನಲ್ಲಿರಬೇಕು, ಚೆಂಡು ಅವನಿಗಿಂತ ಗೋಲಿಗೆ ಹತ್ತಿರವಿದ್ದರೆ ಚೆಂಡಿನ ಸಾಲಿನಲ್ಲಿ. ಕಾರ್ನರ್ ಹೊಡೆಯುವಾಗ ಅವರು ಧ್ವಜದ ಹಿಂದೆ, ಗೋಲ್ ಗೆರೆಯ ನೇರಕ್ಕೆ ನಿಲ್ಲುವುದರಿಂದ ಗೆರೆ ಸರಿಯಾಗಿ ಕಾಣುತ್ತದೆ. ಫ್ರೀ ಕಿಕ್‌ನಲ್ಲೇ ತೊಂದರೆ. ಮೊದಲು ಆಫ್‌ಸೈಡ್ ಸಾಲು ನೋಡಿ, ಚೆಂಡು ಹೊರಟ ಕೂಡಲೇ ಗೋಲ್ ಗೆರೆಗೆ ಓಡಬೇಕು. ನಾಲ್ಕು ಹೆಜ್ಜೆ ತಡವಾದರೂ ಓರೆನೋಟ, ಮೇಲೆ ಹೇಳಿದ ಹುಲ್ಲಿನ ಮೋಸವೇ. ಪಂದ್ಯದ ನಡುವಿನ ಪೆನಾಲ್ಟಿಗೆ ಅವರ ಜಾಗ ಗೋಲ್ ಗೆರೆಯೂ 16.5 ಮೀಟರ್ ಗೆರೆಯೂ ಕೂಡುವಲ್ಲಿ, ಕೊನೆಯ ಶೂಟೌಟ್‌ಗೆ 5.5 ಮೀಟರ್ ಗೆರೆ ಕೂಡುವಲ್ಲಿ. ಚೆಂಡು ಒಳಗೆ ಹೋಗಿ ಮತ್ತೆ ಹೊರಗೆ ಬಂದು ಆಟ ನಡೆದೇ ಇದ್ದರೆ ಮೊದಲು ಧ್ವಜ ಎತ್ತಿ ರೆಫರಿಯ ಕಣ್ಣು ಸೆಳೆಯಬೇಕು. ಆಮೇಲೆ ಧ್ವಜ ಇಳಿಸಿ ಮಧ್ಯದ ಗೆರೆಯ ಕಡೆಗೆ 25–30 ಮೀಟರ್ ಓಡಬೇಕು. ಧ್ವಜ ಬೀಸುತ್ತ ಅಲ್ಲೇ ನಿಂತರೆ ಗೋಲೋ ಫೌಲೋ ಯಾರಿಗೂ ತಿಳಿಯದು.

ಗೋಲ್ ಹಿಂದೆ ಇನ್ನೊಬ್ಬನನ್ನು ನಿಲ್ಲಿಸೋಣವೇ ಎಂದು ಕೆಲವರು ಕೇಳುತ್ತಾರೆ. ಯೂರೋ 2012ರಲ್ಲಿ ಹಾಗೇ ನಿಲ್ಲಿಸಿದ್ದರು. ಉಕ್ರೇನ್–ಇಂಗ್ಲೆಂಡ್ ಪಂದ್ಯದಲ್ಲಿ ಗೆರೆ ದಾಟಿದ ಚೆಂಡನ್ನು ಜಾನ್ ಟೆರಿ ಹೊರಗೊದ್ದಾಗ ಕೆಲವೇ ಮೀಟರ್ ದೂರದಲ್ಲಿದ್ದವರೂ ಕಾಣಲಿಲ್ಲ.

ಟಾಸ್ ಹಾಕುವಾಗ ಇಬ್ಬರೂ ಕ್ಯಾಪ್ಟನ್‌ಗಳಿಗೆ ಒಂದು ಮಾತು ಹೇಳಿಬಿಡಿ: ಯಾರ ಮೊಬೈಲನ್ನೂ ರೆಫರಿ ನೋಡುವುದಿಲ್ಲ. ವಿಎಆರ್ ಇಲ್ಲದ ಪಂದ್ಯದಲ್ಲಿ ವಿಡಿಯೊ ನೋಡಿ ತೀರ್ಪು ಬದಲಿಸಲು ನಿಯಮದಲ್ಲಿ ಜಾಗವಿಲ್ಲ. ಗಲಾಟೆಗೆ ಹೆದರಿ ಹಾಗೆ ಮಾಡಿದರೆ, ಅಷ್ಟು ಹೊತ್ತು ಬರೀ ಕಣ್ಣಿನ ತಪ್ಪಾಗಿದ್ದದ್ದು ನಿಯಮದ ತಪ್ಪಾಗುತ್ತದೆ, ಸೋತವರ ದೂರನ್ನು ನಿಮ್ಮ ಕಮಿಟಿ ತಳ್ಳಿಹಾಕಲಾಗದು.