ನೆತ್ತಿಯ ಗಂಟು ಹಿಂಡಬೇಡಿ

ಪ್ರಶ್ನೆ: ನನಗೆ 27 ವರ್ಷ. ಒಂದು ವರ್ಷದಿಂದ ನೆತ್ತಿ ಮತ್ತು ಹಿಂದಲೆಯಲ್ಲಿ ಮೆತ್ತನೆಯ ಗಂಟು ಏಳುತ್ತಿವೆ. ಒಂದನ್ನು ಒತ್ತಿದರೆ ಪಕ್ಕದ್ದರಿಂದ ಕೀವು ಬರುತ್ತದೆ. ಎರಡು ಸಲ ಕೊಯ್ದು ತೆಗೆದರು, ಮತ್ತೆ ಬಂತು. ಗಂಟಿದ್ದ ಕಡೆ ಕೂದಲು ಉದುರಿದೆ. ಉಷ್ಣಕ್ಕೆ ಎದ್ದ ಕುರು ಅಂತ ಮನೆಯಲ್ಲಿ ಸುಣ್ಣ-ಬೆಲ್ಲ ಹಚ್ಚುತ್ತಾರೆ. ಇದು ಅಂಟುರೋಗವೇ?
– ಹೆಸರು ಬೇಡ, ತಿಪಟೂರು

ಉತ್ತರ: ನನ್ನ ಊಹೆ ಸರಿಯಿದ್ದರೆ ಅಂಟುವುದಿಲ್ಲ. ಉಷ್ಣವೂ ಅಲ್ಲ, ತಲೆ ತೊಳೆಯದೆ ಬಂದದ್ದೂ ಅಲ್ಲ. ಒಂದನ್ನು ಒತ್ತಿದರೆ ಇನ್ನೊಂದರಿಂದ ಕೀವು ಬರುತ್ತದೆ ಎಂದಿದ್ದೀರಲ್ಲ, ಆ ಮಾತು ಓದಿದ ಕೂಡಲೇ ನನಗೆ ಡಿಸೆಕ್ಟಿಂಗ್ ಸೆಲ್ಯುಲೈಟಿಸ್ ಇರಬಹುದು ಅನ್ನಿಸಿತು. ಅಪರೂಪದ ಕಾಯಿಲೆ. ಹೆಚ್ಚಾಗಿ 20ರಿಂದ 40 ವರ್ಷದ ಗಂಡಸರಿಗೆ ಬರುತ್ತದೆ. ನಾನು ಕಂಡದ್ದು ಬೆರಳೆಣಿಕೆಯಷ್ಟು ಜನರನ್ನು. ಎಲ್ಲರೂ ಟೋಪಿ ಹಾಕಿಕೊಂಡೇ ಒಳಗೆ ಬಂದಿದ್ದರು.

ಕೂದಲ ಬುಡದ ಬಾಯಿ ಕಟ್ಟಿಕೊಂಡು, ಒಳಗೇ ಊದಿ ಒಡೆಯುತ್ತದೆ. ಅಲ್ಲಿ ಉರಿಯೂತ ಶುರುವಾಗಿ ಚರ್ಮದಡಿ ದಾರಿ ಮಾಡಿಕೊಳ್ಳುತ್ತದೆ, ಗದ್ದೆಯ ಬದುವಿನಲ್ಲಿ ಏಡಿ ಬಿಲ ತೋಡಿದ ಹಾಗೆ. ಒಂದು ಬಾಯಿ ಕೊಯ್ದರೆ ಉಳಿದ ಬಿಲ ಹಾಗೇ ಇರುತ್ತದೆ ಅಲ್ವಾ? ಅದಕ್ಕೇ ಮರಳಿ ಬಂದದ್ದು. ಎಷ್ಟೋ ಸಲ ಈ ಕೀವನ್ನು ಲ್ಯಾಬಿಗೆ ಕಳಿಸಿದರೆ ಅದರಲ್ಲಿ ರೋಗಾಣುವೇ ಸಿಗುವುದಿಲ್ಲ.

ಆದರೂ ಸುಮ್ನೆ ಊಹೆಯ ಮೇಲೆ ಔಷಧಿ ಬೇಡ. ತಲೆಯ ಹುಳುಕಡ್ಡಿಯೂ (ಫಂಗಸ್ ಸೋಂಕು, ಅದು ಮಾತ್ರ ಅಂಟುತ್ತದೆ) ಕೆಲವೊಮ್ಮೆ ಹೀಗೇ ಕಾಣುತ್ತದೆ. ಫಂಗಸ್ ಪರೀಕ್ಷೆ ಆಗಲಿ, ಚರ್ಮದ ಚೂರು ತೆಗೆದು ಬಯಾಪ್ಸಿಯೂ ಆಗಲಿ. ಕಂಕುಳು, ತೊಡೆಸಂದು, ಬಾಲದ ಮೂಳೆಯ ಹತ್ತಿರ ಗಂಟು ಬಂದಿದ್ದರೆ ನಾಚಿಕೆ ಬಿಟ್ಟು ಹೇಳಿ, ಅವೆಲ್ಲ ಇದರ ಅಣ್ಣತಮ್ಮಂದಿರು.

ಐಸೋಟ್ರೆಟಿನಾಯಿನ್ ಗುಳಿಗೆ ಹಲವರಿಗೆ ಕೆಲಸ ಮಾಡುತ್ತದೆ. ತಿಂಗಳುಗಟ್ಟಲೆ ನುಂಗಬೇಕು, ತುಟಿ ಒಣಗಿ ಒಡೆಯುತ್ತದೆ, ಲಿವರ್ ಮತ್ತು ಕೊಬ್ಬಿನ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್, ಗಂಟಿನೊಳಗೇ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೂಡ ಇವೆ. ಯಾವುದಕ್ಕೂ ಬಗ್ಗದಿದ್ದರೆ ಉರಿಯೂತ ತಗ್ಗಿಸುವ ಅಡಾಲಿಮುಮಾಬ್ ಇಂಜೆಕ್ಷನ್ ಇದೆ, ಖರ್ಚು ಜಾಸ್ತಿ. ಔಷಧಿ ನಿಲ್ಲಿಸಿದ ಮೇಲೆ ಮತ್ತೆ ಕಾಣಿಸಿಕೊಳ್ಳಬಹುದು, ಧೈರ್ಯಗೆಡಬೇಡಿ.

ಕೂದಲಿನ ಮಾತು. ಬೋಳಾದ ಜಾಗವನ್ನು ಬೆಳಕಿಗೆ ಹಿಡಿದು ಮನೆಯವರಿಂದ ನೋಡಿಸಿ. ಚರ್ಮ ನುಣ್ಣಗೆ ಹೊಳೆಯುತ್ತಾ, ಕೂದಲ ರಂಧ್ರವೇ ಕಾಣದಿದ್ದರೆ ಅಲ್ಲಿ ಮತ್ತೆ ಹುಟ್ಟುವುದು ಕಷ್ಟ. ಸಣ್ಣ ರಂಧ್ರಗಳು ಇನ್ನೂ ಕಂಡರೆ ಆಸೆ ಇದೆ. ಅದಕ್ಕೇ ತಡ ಮಾಡಬೇಡಿ ಎನ್ನುವುದು.

ಸುಣ್ಣ-ಬೆಲ್ಲ ಇವತ್ತೇ ನಿಲ್ಲಿಸಿ. ಈ ವಾರವೇ ಚರ್ಮದ ಡಾಕ್ಟರ ಹತ್ತಿರ ಹೋಗಿ, ಹಳೆಯ ಚೀಟಿಗಳನ್ನೆಲ್ಲ ಒಯ್ಯಿರಿ. ಅಂದು ತಲೆಗೆ ಎಣ್ಣೆ ಬೇಡ. ಒಡೆಯದ ಹೊಸ ಗಂಟೊಂದಿದ್ದರೆ ಮುಟ್ಟದೆ ಹಾಗೇ ಬಿಡಿ, ಬಯಾಪ್ಸಿಗೆ ಅದೇ ಒಳ್ಳೆಯದು.