ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ನನ್ನ ಪ್ರೋಗ್ರಾಂಗೆ 5, 3 ಒತ್ತಿ ಕೂಡಿಸಿದರೆ 53 ಬರುತ್ತದೆ. ವೇರಿಯೇಬಲ್‌ಗೆ ಟೈಪ್ (ಸಂಖ್ಯೆಯೋ ಅಕ್ಷರವೋ ಎಂಬ ಬಗೆ) ಇಲ್ಲದ ಈ ಭಾಷೆ ಬಿಟ್ಟು ಸಿ ಭಾಷೆ ಕಲಿಯಲೇ?

ಬೇಡ. ನಿಮ್ಮ 53 ಕಂಡು ನನಗೆ ನನ್ನ 16 ನೆನಪಾಯಿತು.

ನಮ್ಮದು ಉಡುಪಿ ಕಡೆಯ ಶಂಕರಪುರದ ಹತ್ತಿರ ಮಲ್ಲಿಗೆ ಬೆಳೆಯುವ ಮನೆ. ಇಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕಾಲೇಜಿನ ಮೊದಲ ವರ್ಷ ಮಂಗಳೂರಿನ ಹಾಸ್ಟೆಲಿನಲ್ಲಿ ಕುಳಿತು ಈ ಲೆಕ್ಕಕ್ಕೊಂದು ಪ್ರೋಗ್ರಾಂ ಬರೆದೆ. ಚಿಕ್ಕಮ್ಮನ ಮನೆಯದು ಎಷ್ಟು ಚೆಂಡು, ನಮ್ಮದೆಷ್ಟು ಎಂದು ಕೇಳಿ, ಕೂಡಿಸಿ, ನಾಲ್ಕರಿಂದ ಭಾಗಿಸುವುದು. ಬೆರಳಲ್ಲೇ ಮುಗಿಯುವ ಲೆಕ್ಕ. ಆದರೆ ಹೊಸ ವಿದ್ಯೆಯ ಹುಮ್ಮಸ್ಸು!

ನನ್ನ ಬಳಿ ಇದ್ದದ್ದು ಪೈಥಾನ್ 2ರ ಹಳೆಯ ಪುಸ್ತಕ. ಅದರಂತೆ, ಕೀಲಿಮಣೆಯಲ್ಲಿ ಒತ್ತಿದ್ದನ್ನು ಓದುವ ಇನ್‌ಪುಟ್‌ಗೆ 6 ಕೊಟ್ಟರೆ ಸಂಖ್ಯೆಯೇ ಸಿಗಬೇಕು. ಕಂಪ್ಯೂಟರಿನಲ್ಲಿದ್ದದ್ದು ಪೈಥಾನ್ 3. ಅಲ್ಲಿ ಏನು ಒತ್ತಿದರೂ ಸಿಗುವುದು ಸ್ಟ್ರಿಂಗ್, ಬರಿಯ ಅಕ್ಷರಗಳ ಸಾಲು. ಭಾಗಾಕಾರಕ್ಕೆ ಬಂದಾಗ ಅದು ಟೈಪ್‌ಎರರ್, ಅಂದರೆ ಬಗೆ ತಪ್ಪಿದೆ ಎಂದು ನಿಂತುಬಿಟ್ಟಿತು. ನಿಜವನ್ನೇ ಹೇಳುತ್ತಿತ್ತು ಪಾಪ. ನಾನು ಅದರ ಬಾಯಿ ಮುಚ್ಚಿಸಲು ಕೂಡಿಸಿ ಬಂದ ಮೊತ್ತಕ್ಕೆ ಇಂಟ್ ಸುತ್ತಿದೆ, ಅಂದರೆ ಸ್ಟ್ರಿಂಗನ್ನು ಪೂರ್ಣ ಸಂಖ್ಯೆ ಮಾಡುವ ಆಜ್ಞೆ. ತಪ್ಪಾದದ್ದು ಇಲ್ಲಿ: ಇಂಟ್ ಹಾಕಿದ್ದರಲ್ಲಿ ಅಲ್ಲ, ಹಾಕಿದ ಜಾಗದಲ್ಲಿ. ಅಷ್ಟರೊಳಗೆ ಚಿಕ್ಕಮ್ಮನ "1" ನಮ್ಮ "6"ಕ್ಕೆ ಅಂಟಿ "16" ಆಗಿರುತ್ತದೆ. ಇಂಟ್ ಆ ಅಂಟು ಬಿಡಿಸುವುದಿಲ್ಲ, ಅದನ್ನೇ ಹದಿನಾರು ಎಂಬ ಸಂಖ್ಯೆ ಮಾಡಿಕೊಡುತ್ತದೆ. ಪರೀಕ್ಷಿಸಿಯೂ ನೋಡಿದ್ದೆ, 0 ಮತ್ತು 8 ಕೊಟ್ಟು! "08" ಇಂಟ್‌ನಲ್ಲಿ 8 ಆಗಿ, ಎರಡು ಅಟ್ಟೆ ಸರಿಯಾಗಿಯೇ ಬಂದಿತ್ತು.

ಮದುವೆಯ ದಿನಗಳು. ಅಮ್ಮ ಫೋನಿನಲ್ಲಿ ಹೇಳಿದ 1, 6 ಒತ್ತಿದೆ. ಪರದೆಯ ಮೇಲೆ 4.0 ಬಂತು. ಹೂ ಕೊಳ್ಳುವ ಕಟ್ಟೆಯವರಿಗೆ ನಾಲ್ಕು ಅಟ್ಟೆ ಎಂದು ಸಂದೇಶ ಕಳುಹಿಸಿದೆ. ಅಮ್ಮ ಒಂದು ಅಟ್ಟೆ ಮೂರು ಚೆಂಡು ಹಿಡಿದು ಹೋದಾಗ ಅವರು ಮದುವೆ ಮನೆಗೆ ಮಾತು ಕೊಟ್ಟಾಗಿತ್ತು. ಕಡಿಮೆ ಬಿದ್ದದ್ದನ್ನು ಹೆಚ್ಚಿನ ದರಕ್ಕೆ ಬೇರೆಡೆ ಕೊಂಡು, ವ್ಯತ್ಯಾಸವನ್ನು ನಮ್ಮ ಲೆಕ್ಕಕ್ಕೆ ಬರೆದರು. ಅಮ್ಮ ಬೈಯಲಿಲ್ಲ, ಮರುದಿನದಿಂದ ನನಗೆ ಚೆಂಡಿನ ಲೆಕ್ಕ ಹೇಳುವುದನ್ನು ನಿಲ್ಲಿಸಿದರು.

ಸಿ ಕಲಿಯುವ ಆಸೆಯಿದ್ದರೆ ಕಲಿಯಿರಿ, ಇದಕ್ಕಾಗಿ ಮಾತ್ರ ಬೇಡ. ಪೈಥಾನ್‌ನಲ್ಲಿ ಟೈಪ್ ಇದೆ, ಆದರೆ ಅದು ಮೌಲ್ಯಕ್ಕೆ ಸೇರಿದ್ದು. ವೇರಿಯೇಬಲ್ ಎಂಬುದು ಬುಟ್ಟಿಗೆ ಕಟ್ಟಿದ ಚೀಟಿ ಅಷ್ಟೇ. ಅದನ್ನು ಡಬ್ಬಿ ಎಂದು ಕಲಿಸುವವರ ಮೇಲೆ ನನಗೆ ಸಿಟ್ಟಿದೆ. ಒಂದೊಂದು ಇನ್‌ಪುಟ್ ಅನ್ನೂ ಒಳಗೆ ಬರುವಾಗಲೇ ಬೇರೆ ಬೇರೆಯಾಗಿ ಇಂಟ್‌ಗೆ ಕೊಡಿ, ಆಮೇಲೆ ಕೂಡಿಸಿ. ಕನ್ನಡದ ೬ ಒತ್ತಿದರೂ ಇಂಟ್ ಒಪ್ಪುತ್ತದೆ. 6.5 ಒತ್ತಿದರೆ ವ್ಯಾಲ್ಯೂಎರರ್ ಎಂಬ ದೋಷ ಬರುತ್ತದೆ. ಅರ್ಧ ಚೆಂಡಿನ ಲೆಕ್ಕವಿದ್ದರೆ ದಶಮಾಂಶ ಸಂಖ್ಯೆ ಮಾಡಿಕೊಡುವ ಫ್ಲೋಟ್ ಬಳಸಿ.