ಪಿಯಾನೊ ಬಿಟ್ಟು ರಂಗಕ್ಕೆ ಬಂದ ಟಾಮ್ಸನ್ ಹೈವೇ

ಪ್ರಶ್ನೆ: ಕೆನಡಾದ ಕ್ರೀ ಎಂಬ ಮೂಲನಿವಾಸಿ ಸಮುದಾಯದ ನಾಟಕಕಾರ ಟಾಮ್ಸನ್ ಹೈವೇ ಸಂಗೀತಗಾರರಾಗಿದ್ದರೆಂದು ಓದಿದೆ. ಅವರು ನಾಟಕದತ್ತ ಹೊರಳಿದ್ದು ಹೇಗೆ? ಅವರ ಯಾವ ಕೃತಿಯನ್ನು ಮೊದಲು ಓದಬೇಕು?

ಉತ್ತರ: ಹೈವೇ 1951ರಲ್ಲಿ ಮ್ಯಾನಿಟೋಬಾ ಪ್ರಾಂತ್ಯದ ಉತ್ತರ ತುದಿಯಲ್ಲಿ, ಕ್ಯಾರಿಬೂ ಬೇಟೆಗಾರ ತಂದೆಯ ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರಾಗಿ, ಗುಡಾರವೊಂದರಲ್ಲಿ ಹುಟ್ಟಿದರು. ಆರನೆಯ ವಯಸ್ಸಿನಲ್ಲಿ ಅವರನ್ನು ಮೂಲನಿವಾಸಿ ಮಕ್ಕಳಿಗೆಂದು ನಡೆಸುತ್ತಿದ್ದ ಕ್ಯಾಥೊಲಿಕ್ ವಸತಿ ಶಾಲೆಗೆ ಕಳುಹಿಸಲಾಯಿತು. ಮುಂದೆ ಪಿಯಾನೊ ಕಲಿತು, 1975ರಲ್ಲಿ ಪಶ್ಚಿಮ ಒಂಟಾರಿಯೊ ವಿಶ್ವವಿದ್ಯಾಲಯದಿಂದ ಸಂಗೀತದಲ್ಲಿ ಪದವಿ ಪಡೆದರು. ಕಛೇರಿ ಪಿಯಾನೊವಾದಕರಾಗುವ ಎಲ್ಲ ಅರ್ಹತೆಯೂ ಇದ್ದ ಅವರು ಆ ದಾರಿಯನ್ನು ಬಿಟ್ಟು, ಸುಮಾರು ಏಳು ವರ್ಷ ಮೂಲನಿವಾಸಿಗಳ ಸಂಸ್ಥೆಗಳಲ್ಲಿ ಸಮಾಜಸೇವಕರಾಗಿ ದುಡಿದರು. ಅವರ ನಾಟಕಗಳ ಜೀವಾಳವಾದ ಮಾತು, ಜಗಳ, ಪೋಲಿ ನಗೆ ಇವೆಲ್ಲ ಅವರ ಕಿವಿಗೆ ಬಿದ್ದದ್ದು ಮುಖ್ಯವಾಗಿ ಈ ಅವಧಿಯಲ್ಲೇ ಎಂಬುದು ನನ್ನ ಎಣಿಕೆ.

ಮೂವತ್ತರ ಹೊತ್ತಿಗೆ ಬರವಣಿಗೆ ಆರಂಭಿಸಿದ ಅವರಿಗೆ ಹೆಸರು ತಂದದ್ದು 1986ರಲ್ಲಿ ಟೊರಾಂಟೊದಲ್ಲಿ ರಂಗವೇರಿದ ‘ದಿ ರೆಜ್ ಸಿಸ್ಟರ್ಸ್’. ಮ್ಯಾನಿಟೂಲಿನ್ ದ್ವೀಪದ , ಮೂಲನಿವಾಸಿಗಳಿಗೆ ಮೀಸಲಾದ (‘ರೆಜ್’) ಕಲ್ಪಿತ ಹಳ್ಳಿಯೊಂದರ ಏಳು ಹೆಂಗಸರು, ಜಗತ್ತಿನಲ್ಲೇ ಅತಿ ದೊಡ್ಡದೆಂದು ಹೇಳಲಾದ ಬಿಂಗೊ ಎಂಬ, ಅಂಕಿ ಕೂಗಿ ಬಹುಮಾನಕ್ಕಾಗಿ ಆಡುವ ಆಟಕ್ಕಾಗಿ ಟೊರಾಂಟೊಗೆ ಹೊರಡುವ ಕಥೆ ಇದು. ಒಬ್ಬೊಬ್ಬಳಿಗೂ ಒಂದೊಂದು ಆಸೆ. ಒಬ್ಬಳಿಗೆ ಶೌಚಾಲಯದ ಹೊಸ ಕಮೋಡಾದರೆ ಸಾಕು, ಇನ್ನೊಬ್ಬಳು ಕ್ಯಾನ್ಸರಿನಿಂದ ಸಾವಿನ ಅಂಚಿನಲ್ಲಿದ್ದಾಳೆ. ಇವರ ನಡುವೆ ವೇಷ ಬದಲಿಸುತ್ತ ಸುಳಿಯುವವನು ಮೂಲನಿವಾಸಿ ಪುರಾಣಗಳ ಕೀಟಲೆಯ ಚೇತನ ನಾನಾಬುಶ್; ಬಿಳಿಯ ಕಡಲಹಕ್ಕಿಯಾಗಿ ಬಂದವನು ಕೊನೆಗೆ ಬಿಂಗೊ ನಡೆಸುವವನಾಗುತ್ತಾನೆ. ಮೊದಲ ಪ್ರಯೋಗದಲ್ಲಿ ಆ ಪಾತ್ರವನ್ನು ಕುಣಿದವರು ನಾಟಕಕಾರರ ತಮ್ಮ, ನರ್ತಕ ರೆನೆ ಹೈವೇ. ಏಳು ದನಿಗಳು ಒಮ್ಮೆ ಒಟ್ಟಾಗಿ ಗದ್ದಲವೆದ್ದು, ಮರುಕ್ಷಣ ಒಂದೊಂದಾಗಿ ಬೇರ್ಪಡುವ ದೃಶ್ಯಗಳನ್ನು ಗಮನಿಸಿದರೆ, ಅವರು ಸಂಗೀತವನ್ನು ನಿಜವಾಗಿ ಬಿಟ್ಟಿರಲಿಲ್ಲವೆಂದು ತಿಳಿಯುತ್ತದೆ.

1989ರ ‘ಡ್ರೈ ಲಿಪ್ಸ್ ಆಟಾ ಮೂವ್ ಟು ಕಪುಸ್ಕೇಸಿಂಗ್’ ಅದೇ ಹಳ್ಳಿಯ ಏಳು ಗಂಡಸರದು. ಇಲ್ಲಿ ಬಿಂಗೊ ಬದಲು ಹಾಕಿ ಆಟವಿದೆ, ನಾನಾಬುಶ್ ಹೆಣ್ಣು. ಶಿಲುಬೆಯನ್ನು ಬಳಸಿ ನಡೆಯುವ ಅತ್ಯಾಚಾರದ ದೃಶ್ಯವನ್ನು ಮೂಲನಿವಾಸಿ ಮಹಿಳೆಯರೇ ಕೆಲವರು ಖಂಡಿಸಿದರು. ಚರ್ಚಿನ ಹಿಂಸೆಗೆ ಅದೊಂದು ಪ್ರತಿಮೆಯೆಂಬ ಸಮರ್ಥನೆಯಿದ್ದರೂ, ಆ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ.

ರೆನೆ 1990ರಲ್ಲಿ ಏಡ್ಸ್‌ನಿಂದ ತೀರಿಕೊಂಡರು. ವಸತಿ ಶಾಲೆಯ ಲೈಂಗಿಕ ದೌರ್ಜನ್ಯವನ್ನು ದಾಟಿ, ಒಬ್ಬ ಪಿಯಾನೊಗೂ ಇನ್ನೊಬ್ಬ ನೃತ್ಯಕ್ಕೂ ಸಾಗುವ ಅಣ್ಣತಮ್ಮಂದಿರ ಕಾದಂಬರಿ ‘ಕಿಸ್ ಆಫ್ ದಿ ಫರ್ ಕ್ವೀನ್’ 1998ರಲ್ಲಿ ಬಂತು. ಬಾಲ್ಯವನ್ನು ಕುರಿತ ಆತ್ಮಕಥನ 2021ರದು. ನೀವು ‘ದಿ ರೆಜ್ ಸಿಸ್ಟರ್ಸ್’ನಿಂದಲೇ ತೊಡಗಿರಿ. ಅದನ್ನು ಓದದೆ ಎರಡನೆಯ ನಾಟಕಕ್ಕೆ ಹೋದರೆ, ಅಲ್ಲಿನ ಗಂಡಸರು ಯಾರ ಗೈರುಹಾಜರಿಯಲ್ಲಿ ಒದ್ದಾಡುತ್ತಿದ್ದಾರೆಂಬುದು ಅರ್ಧ ಮಾತ್ರ ಕಾಣುತ್ತದೆ.